ನಕ್ಷೆ ಬರೆಸುವವರೇ, ಊರನ್ನು ಒಮ್ಮೆ ಅಡ್ಡ ಕೊಯ್ದು ನೋಡಿ

ವಿಜಯಪುರ ನಗರದ ನಕ್ಷೆಗಳನ್ನು ಬರೆಯುವ, ಬರೆಸುವ, ಅವುಗಳಿಗೆ ಸಹಿ ಹಾಕುವ ಎಲ್ಲ ಅಧಿಕಾರಿಗಳಿಗೆ ಮತ್ತು ಜನಪ್ರತಿನಿಧಿಗಳಿಗೆ,

ನಮಸ್ಕಾರ.

ಐಟಿಐ ಹುಡುಗರಿಗೆ 31 ವರ್ಷ ಸಿವಿಲ್ ಡ್ರಾಫ್ಟ್ಸ್‌ಮನ್ ಕೆಲಸ ಕಲಿಸಿ ನಿವೃತ್ತನಾದವನು ನಾನು. ಟಿ-ಸ್ಕ್ವೇರ್ ಮತ್ತು ಇಂಡಿಯನ್ ಇಂಕಿನಿಂದ ಶುರುಮಾಡಿ, ಕೊನೆಯ ವರ್ಷಗಳಲ್ಲಿ ಕಂಪ್ಯೂಟರಿನ ಮೌಸ್ ಹಿಡಿದೂ ಕಲಿಸಿದೆ. ಈ ಪತ್ರದಲ್ಲಿ ದೂರು ಸ್ವಲ್ಪ, ಬೇಡಿಕೆ ಹೆಚ್ಚು. ಬೇಡಿಕೆಯನ್ನು ಮೊದಲೇ ಹೇಳಿಬಿಡುತ್ತೇನೆ. ಅರ್ಜಿಯ ಎರಡನೆಯ ಪುಟವನ್ನು ಯಾರೂ ಓದುವುದಿಲ್ಲವೆಂದು ಬಲ್ಲೆ. ವಾರ್ಡಿಗೊಂದು ನೆಲನಕ್ಷೆ ಮಾಡಿಸುವಾಗ, ವಾರ್ಡಿಗೊಂದು ಸೆಕ್ಷನ್ ಕೂಡ ಬರೆಸಿ. ನಮ್ಮಲ್ಲಿ 35 ವಾರ್ಡುಗಳಿವೆ. 35 ಹಾಳೆ ಸಾಕು.

ಸೆಕ್ಷನ್ ಎಂದರೆ ಏನೆಂದು ಎಂಜಿನಿಯರುಗಳಿಗೆ ಹೇಳಬೇಕಾಗಿಲ್ಲ. ಉಳಿದವರಿಗಾಗಿ, ನಾನು ತರಗತಿಯ ಮೊದಲ ದಿನ ಮಾಡುತ್ತಿದ್ದುದನ್ನೇ ಹೇಳುತ್ತೇನೆ. ಜೇಬಿನಲ್ಲಿ ನಮ್ಮ ಇಂಡಿ ತಾಲ್ಲೂಕಿನ ಒಂದು ನಿಂಬೆಹಣ್ಣು ತೆಗೆದುಕೊಂಡು ಹೋಗುತ್ತಿದ್ದೆ. ಮೇಜಿನ ಮೇಲಿಟ್ಟು, ಮೇಲಿನಿಂದ ನೋಡಿ ಬರೆಯಿರಿ ಎನ್ನುತ್ತಿದ್ದೆ. ಎಲ್ಲರೂ ಒಂದು ಗುಂಡು ಬರೆಯುತ್ತಿದ್ದರು. ಅದು ನೆಲನಕ್ಷೆ. ಆಮೇಲೆ ಹಣ್ಣನ್ನು ಅಡ್ಡ ಕೊಯ್ದು ತೋರಿಸುತ್ತಿದ್ದೆ: ಸಿಪ್ಪೆ ಎಷ್ಟು ದಪ್ಪ, ತೊಳೆ ಎಷ್ಟು, ಬೀಜ ಎಲ್ಲಿ, ರಸ ಎಲ್ಲಿ. ಅದು ಸೆಕ್ಷನ್. ಕನ್ನಡದ ಪಠ್ಯಗಳಲ್ಲಿ ಛೇದಚಿತ್ರ ಎಂದಿರುತ್ತದೆ. ನಮ್ಮ ಹುಡುಗರು ‘ಕೊಯ್ದ ಚಿತ್ರ’ ಎನ್ನುತ್ತಿದ್ದರು. ನನಗೆ ಹುಡುಗರ ಮಾತೇ ಸರಿ ಎನಿಸುತ್ತದೆ. ಮೇಲಿನಿಂದ ನೋಡಿದವನಿಗೆ ನಿಂಬೆಹಣ್ಣೂ ಚೆಂಡೂ ಒಂದೇ.

ನಿವೃತ್ತಿಯ ನಂತರ ಸುಮ್ಮನೆ ಕೂರಲಾಗಲಿಲ್ಲ. ಭಾನುವಾರ ಬೆಳಿಗ್ಗೆ ಆರೇಳು ಜನ ಹುಡುಗ ಹುಡುಗಿಯರನ್ನು ಕರೆದುಕೊಂಡು ಊರಿನ ಓಣಿಗಳನ್ನು ಅಳೆಯುತ್ತ ಹೋಗುತ್ತೇನೆ. ಹಳೆಯ ವಿದ್ಯಾರ್ಥಿಗಳ ಮಕ್ಕಳು ಕೆಲವರು, ಡಿಪ್ಲೊಮಾ ಓದುವವರು ಇಬ್ಬರು, ಏನೂ ಓದದೆ ಮೊಬೈಲ್ ಅಂಗಡಿಯಲ್ಲಿರುವ ಒಬ್ಬ. ನಮ್ಮ ಸಲಕರಣೆ ಒಂದು ಟೇಪು, ಒಂದು ರಟ್ಟು, ಪೆನ್ಸಿಲುಗಳು ಮತ್ತು ಗೌಂಡಿಗಳು ಬಳಸುವ 20 ಮೀಟರಿನ ಲೆವೆಲ್ ಪೈಪು. ಪಾರದರ್ಶಕ ಪ್ಲಾಸ್ಟಿಕ್ ಕೊಳವೆಗೆ ನೀರು ತುಂಬಿ ಎರಡೂ ತುದಿ ಎತ್ತಿ ಹಿಡಿದರೆ, ಎರಡೂ ಕಡೆ ನೀರು ಒಂದೇ ಮಟ್ಟಕ್ಕೆ ನಿಲ್ಲುತ್ತದೆ. ಪೈಪಿನೊಳಗೆ ಒಂದು ಗಾಳಿಗುಳ್ಳೆ ಸಿಕ್ಕಿಕೊಂಡರೂ ಮಟ್ಟ ಸುಳ್ಳು ಹೇಳುತ್ತದೆ. ಆದ್ದರಿಂದ ನಮ್ಮ ಪ್ರತಿ ಭಾನುವಾರದ ಮೊದಲ ಹತ್ತು ನಿಮಿಷ, ಪೈಪನ್ನು ಬೆರಳಿನಿಂದ ಟಕ್ ಟಕ್ ಎಂದು ಬಡಿಯುತ್ತ ಗುಳ್ಳೆಯನ್ನು ತುದಿಗೆ ಓಡಿಸುವುದರಲ್ಲೇ ಹೋಗುತ್ತದೆ. ನೋಡುವವರಿಗೆ ನಾವು ಹಾವಾಡಿಗರಂತೆ ಕಾಣುತ್ತೇವೇನೋ.

ಕಳೆದ ಮಳೆಗಾಲಕ್ಕೆ ಮುಂಚೆ ಕೋಟೆಯೊಳಗಿನ ಒಂದು ಹಳೆಯ ಓಣಿಗೆ ಹೋಗಿದ್ದೆವು. ಓಣಿಯ ಹೆಸರು ಬರೆಯುವುದಿಲ್ಲ, ಅಲ್ಲಿ ರಸ್ತೆ ಹಾಕಿದವರ ಹೆಸರನ್ನೂ ಬರೆಯುವುದಿಲ್ಲ. ಇಂಥ ಓಣಿಗಳು ನಮ್ಮ ಊರಿಗೆ ಮಾತ್ರ ಮೀಸಲಲ್ಲ. ನಾವು ಪೈಪು ಬಡಿಯುವುದನ್ನು ನೋಡುತ್ತ ಒಬ್ಬ ವಯಸ್ಸಾದ ಹೆಣ್ಣುಮಗಳು ಬಾಗಿಲಲ್ಲಿ ನಿಂತಿದ್ದರು. ‘ಆಯಿ, ನಿಮ್ಮ ಹೊಸ್ತಿಲಿನ ಅಳತೆ ತೆಗೆದುಕೊಳ್ಳಬಹುದೇ?’ ಎಂದು ಹುಡುಗಿಯೊಬ್ಬಳು ಕೇಳಿದಳು.

‘ತೆಗೆದುಕೊಳ್ಳಿ. ನಾನು ಈ ಮನೆಗೆ ಸೊಸೆಯಾಗಿ ಬಂದಾಗ ಮೂರು ಪಾವಟಿಗೆ ಹತ್ತಿ ಒಳಗೆ ಬಂದಿದ್ದೆ. ಈಗ ಒಂದು ಇಳಿದು ಬರುತ್ತೇನೆ. ಮನೆ ಕುಸಿಯಿತೋ ರಸ್ತೆ ಬೆಳೆಯಿತೋ, ಅಳತೆ ಮಾಡಿ ನೀವೇ ಹೇಳಿ.’

ಅಳತೆ ಮಾಡಿದೆವು. ರಸ್ತೆಯ ನಡುಭಾಗ ಆಯಿಯ ಹೊಸ್ತಿಲಿಗಿಂತ 18 ಸೆಂಟಿಮೀಟರ್ ಮೇಲಿತ್ತು. ಪಾವಟಿಗೆಗೆ 15 ಸೆಂಟಿಮೀಟರ್ ಎಂದು ಹಿಡಿದರೂ, ಆಕೆ ಈ ಮನೆಗೆ ಬಂದ ಮೇಲೆ ರಸ್ತೆ ಎರಡು ಅಡಿಗಿಂತ ಹೆಚ್ಚು ಬೆಳೆದಿದೆ. ಡಾಂಬರಿನ ಮೇಲೆ ಡಾಂಬರು, ಅದರ ಮೇಲೆ ಕಾಂಕ್ರೀಟು, ಹಳೆಯದನ್ನು ಕಿತ್ತು ತೆಗೆಯುವ ಗೋಜೇ ಇಲ್ಲ. ಬಾಗಿಲಿನ ಕಲ್ಲಿನ ಚೌಕಟ್ಟಿನ ಬುಡದಲ್ಲಿ ಯಾರೋ ಒಂದು ಕಮಲದ ಹೂವು ಕೆತ್ತಿದ್ದಾರೆ. ಅದರ ಕೆಳಗಿನ ಎಸಳುಗಳು ಕಾಂಕ್ರೀಟಿನೊಳಗಿವೆ, ಮೇಲಿನ ನಾಲ್ಕು ಎಸಳು ಮಾತ್ರ ಹೊರಗಿವೆ. ಬಾಗಿಲಿಗೆ ಅಡ್ಡಲಾಗಿ ಇಳಿಸಲು ಒಂದು ಹಲಗೆ, ಪಕ್ಕದಲ್ಲಿ ಎರಡು ಮರಳಿನ ಚೀಲ. ಸೆಪ್ಟೆಂಬರಿನ ಮಳೆಗೆ ಆಯಿ ಮಾಡಿಕೊಂಡ ವ್ಯವಸ್ಥೆ. ನಮ್ಮ ಊರಿಗೆ ಬೀಳುವ ಮಳೆಯೇ ಕಡಿಮೆ, ಆದರೆ ಬಂದಾಗ ಒಂದೇ ರಾತ್ರಿ ಸುರಿದು ಹೋಗುತ್ತದೆ.

ಆ ವಾರ ನನ್ನ ಮೊಬೈಲ್ ಅಂಗಡಿಯ ಹುಡುಗ ಅದೇ ಓಣಿಯ ಹಳೆಯ ನಕ್ಷೆಯನ್ನೂ ಹೊಸ ನಕ್ಷೆಯನ್ನೂ ಪಕ್ಕಪಕ್ಕ ಇಟ್ಟು ನೋಡಿದ. ಎರಡರಲ್ಲೂ ಅಗಲ ಅಷ್ಟೇ, ತಿರುವು ಅಲ್ಲೇ, ಮನೆ ಸಂಖ್ಯೆ ಅವೇ. ‘ಸರ್, ನಕ್ಷೆಯ ಪ್ರಕಾರ ಈ ಓಣಿಗೆ ಏನೂ ಆಗಿಲ್ಲ’ ಎಂದ. ಈ ಪತ್ರವನ್ನು ಬರೆಯಬೇಕೆಂದು ನನಗೆ ಅನ್ನಿಸಿದ್ದು ಆಗ.

ಇದನ್ನು ನಾನು ಬೇರೆ ಯಾವ ಊರಿನವರಿಗಾದರೂ ಬರೆದಿದ್ದರೆ ಇಲ್ಲಿಗೇ ನಿಲ್ಲಿಸಬಹುದಿತ್ತು. ವಿಜಯಪುರದವರಿಗೆ ಬರೆಯುತ್ತಿರುವುದರಿಂದ ಇನ್ನೂ ಸ್ವಲ್ಪ ಹೇಳಬೇಕು. ಈ ಊರನ್ನು ಕಟ್ಟಿದವರು ಸೆಕ್ಷನ್ನಿನಲ್ಲಿ ಯೋಚಿಸಿದವರು. ಮಳೆ ಕಡಿಮೆ, ಹೊಳೆ ದೂರ, ಕೆಳಗೆ ಕರಿಕಲ್ಲು. ಇಂಥ ಕಡೆ ರಾಜಧಾನಿ ಕಟ್ಟಿ, ಸುಮಾರು 10 ಕಿಲೋಮೀಟರ್ ಸುತ್ತಳತೆಯ ಕೋಟೆಗೋಡೆಯನ್ನು 1565ರ ಹೊತ್ತಿಗೆ ಮುಗಿಸಿ, ಅದರೊಳಗಿನ ಜನಕ್ಕೆಲ್ಲ ನೀರು ಕುಡಿಸಬೇಕಿತ್ತು. ಪಂಪು ಇರಲಿಲ್ಲ, ಕರೆಂಟು ಇರಲಿಲ್ಲ. ಇದ್ದದ್ದು ಇಳಿಜಾರು ಒಂದೇ. ಯಾವ ನೆಲ ಯಾವ ನೆಲಕ್ಕಿಂತ ಎಷ್ಟು ಗೇಣು ಮೇಲಿದೆ ಎಂಬುದು ಆದಿಲ್‌ಶಾಹಿ ಕಾಲದ ಕೆಲಸಗಾರರಿಗೆ ಅಂಗೈ ರೇಖೆಯಂತೆ ತಿಳಿದಿರಲೇಬೇಕು. ಇಲ್ಲದಿದ್ದರೆ ಪಶ್ಚಿಮದ ತೊರವಿಯ ಕಡೆಯಿಂದ ಸುರಂಗದಲ್ಲಿ ನೀರು ಊರಿಗೆ ಹರಿದು ಬರುತ್ತಿರಲಿಲ್ಲ.

ಅಲ್ಲಿನ ಸುರಂಗ ಬಾವಡಿಯನ್ನು ನೋಡಿರದ ಅಧಿಕಾರಿಗಳು ದಯವಿಟ್ಟು ಒಮ್ಮೆ ಹೋಗಿ ಬನ್ನಿ. ಇರಾನಿನ ಕಡೆಯಿಂದ ಬಂದ ಕರೇಜ್ ಎಂಬ ವಿದ್ಯೆ ಅದು, ಬೀದರಿನಲ್ಲೂ ಇದೆ. ನೆಲದೊಳಗಿನ ಸೆಲೆಯನ್ನು ಹುಡುಕಿ, ಅಲ್ಲಿಂದ ಕೈಯಲ್ಲೇ ಸುರಂಗ ಕೊರೆಯುತ್ತಾರೆ. ಮೇಲಿನ ನೆಲದ ಇಳಿಜಾರಿಗಿಂತ ಸುರಂಗದ ತಳದ ಇಳಿಜಾರು ಕಡಿಮೆ ಇರಬೇಕು. ಹೆಚ್ಚಾದರೆ ನೀರು ರಭಸಕ್ಕೆ ತಳ ಕೊರೆಯುತ್ತದೆ, ತೀರ ಕಡಿಮೆಯಾದರೆ ಹೂಳು ಕೂರುತ್ತದೆ. ನಡುನಡುವೆ ಗಾಳಿಗೂ ಹೂಳೆತ್ತುವುದಕ್ಕೂ ನೇರ ಬಾವಿಯಂಥ ಬಾಯಿಗಳು. ಉಪಗ್ರಹದ ಕಣ್ಣಿಗೆ ಆ ಬಾಯಿಗಳು ಕಪ್ಪು ಚುಕ್ಕೆಗಳು. ಯಾರಾದರೂ ಮಣ್ಣು ಸುರಿದು ಮುಚ್ಚಿದರೆ ಚುಕ್ಕೆಯೂ ಇಲ್ಲ. ಆಮೇಲೆ ಅದರ ಮೇಲೆ ಬಡಾವಣೆಯ ಗೆರೆ ಎಳೆದವನನ್ನು ಬೈದು ಪ್ರಯೋಜನವಿಲ್ಲ. ಅವನ ಹಾಳೆಯಲ್ಲಿ ಅದು ಇರಲೇ ಇಲ್ಲ.

ಬೇಗಂ ತಲಾಬದ ಕಥೆಯೂ ಹಾಗೆಯೇ. 1651ರಲ್ಲಿ ಮಹಮ್ಮದ್ ಆದಿಲ್‌ಶಹಾ ಊರಿನ ದಕ್ಷಿಣಕ್ಕೆ ಕಟ್ಟಿಸಿದ ಈ ಕೆರೆಯಿಂದ, ಗಾರೆಯ ಕವಚದೊಳಗೆ ಹುದುಗಿಸಿದ ಮಣ್ಣಿನ ಕೊಳವೆಗಳಲ್ಲಿ ನೀರು ಊರಿಗೆ ಬರುತ್ತಿತ್ತು. ದಾರಿಯಲ್ಲಿ ಅಲ್ಲಲ್ಲಿ ಗಂಜ್ ಎಂಬ ಕಲ್ಲಿನ ಗೋಪುರಗಳು. ಕೆಲವು ಇಂದಿಗೂ ನಿಂತಿವೆ. ಪಕ್ಕದಲ್ಲೇ ಬೈಕ್ ನಿಲ್ಲಿಸುವವರಿಗೆ ಅವು ಏನೆಂದು ಗೊತ್ತಿಲ್ಲ, ಹಾಳು ಬುರುಜು ಅಂದುಕೊಂಡಿರುತ್ತಾರೆ. ಕೊಳವೆಯ ನೀರು ಆ ಗೋಪುರದೊಳಗೆ ಮೇಲೇರಿ ತೊಟ್ಟಿಯಲ್ಲಿ ನಿಲ್ಲುತ್ತದೆ, ಒತ್ತಡ ಇಳಿಯುತ್ತದೆ, ಹೂಳು ತಳಕ್ಕೆ ಕೂರುತ್ತದೆ, ತಿಳಿನೀರು ಮುಂದಿನ ಕೊಳವೆಗೆ ಇಳಿಯುತ್ತದೆ. ಮಣ್ಣಿನ ಕೊಳವೆ ಒತ್ತಡಕ್ಕೆ ಒಡೆಯಬಾರದಲ್ಲ, ಅದಕ್ಕೆ. ನೆಲನಕ್ಷೆಯಲ್ಲಿ ಗಂಜ್ ಒಂದು ಸಣ್ಣ ಚೌಕ. ಶೌಚಾಲಯಕ್ಕೂ ಟ್ರಾನ್ಸ್‌ಫಾರ್ಮರ್ ಕಟ್ಟೆಗೂ ಅದೇ ಚೌಕ. ತಾಜ್ ಬಾವಡಿ ಒಂದು ದೊಡ್ಡ ನೀಲಿ ಚೌಕ. ಈಜುಕೊಳವೂ ಹಾಗೆಯೇ ಕಾಣುತ್ತದೆ. ಆ ಕಮಾನು ದಾಟಿ ಮೆಟ್ಟಿಲಿಳಿದು ನೀರಿನ ಹತ್ತಿರ ಹೋದಾಗ ತಟ್ಟುವ ತಂಪು, ಎತ್ತರದ ಗೋಡೆ ನೀರಿಗೆ ಬೀಳಿಸುವ ನೆರಳು, ಸುತ್ತಲಿನ ಕೋಣೆಗಳಲ್ಲಿ ದಾರಿಹೋಕರು ತಂಗುವ ವ್ಯವಸ್ಥೆ, ಇವೆಲ್ಲ ಕೊಯ್ದು ನೋಡಿದಾಗಲೇ ಕಾಣುವಂಥವು. ಕೆಲವು ವರ್ಷಗಳ ಹಿಂದೆ ಈ ಬಾವಡಿಯ ಹೂಳೆತ್ತಿದಾಗ ಊರಿನವರೆಲ್ಲ ಇಣುಕಲು ಬಂದಿದ್ದರು. ನಾನೂ ಹೋಗಿದ್ದೆ. ಅಷ್ಟು ಆಳ ಇದೆಯೆಂದು ನಕ್ಷೆ ಕಲಿಸುವ ನನಗೇ ಅಂದಾಜಿರಲಿಲ್ಲ, ಹೇಳಿಕೊಳ್ಳಲು ನಾಚಿಕೆಯಾಗುತ್ತದೆ.

ಗೋಳಗುಮ್ಮಟವನ್ನು ಬಿಟ್ಟು ಮಾತಾಡಿದರೆ ಊರಿನವರು ಸಿಟ್ಟಾಗುತ್ತಾರೆ, ಆದ್ದರಿಂದ ಎರಡು ಮಾತು. ಅದರ ನೆಲನಕ್ಷೆ ಮೂರನೆಯ ತರಗತಿಯ ಮಗುವೂ ಬರೆಯಬಹುದಾದದ್ದು: ಒಂದು ಚೌಕ, ನಾಲ್ಕು ಮೂಲೆಗೆ ನಾಲ್ಕು ಅಷ್ಟಕೋನ. ಅದೇ ಕಟ್ಟಡವನ್ನು ಕೊಯ್ದು ಬರೆಯಿರಿ. ಒಂದನ್ನೊಂದು ಹಾಯುವ ಎಂಟು ಕಮಾನುಗಳು ಚೌಕವನ್ನು ನಿಧಾನವಾಗಿ ದುಂಡಗೆ ಮಾಡುವುದು, ಅದರ ಮೇಲೆ ಪಿಸುಮಾತಿನ ಮೊಗಸಾಲೆ, ಸುಮಾರು 44 ಮೀಟರ್ ವ್ಯಾಸದ ಗುಮ್ಮಟದ ಗೋಡೆಯ ದಪ್ಪ, ಎಲ್ಲವೂ ಬರುತ್ತದೆ. ಪೆನ್ಸಿಲು ನೆಲಮಟ್ಟ ದಾಟಿ ಕೆಳಗಿಳಿದಾಗ ಇನ್ನೊಂದು ಸಂಗತಿ ಸಿಗುತ್ತದೆ. ಪ್ರವಾಸಿಗರು ಕೈಮುಗಿದು ಬರುವ ಗೋರಿಗಳು ಹೆಸರಿಗೆ ಮಾತ್ರ. ನಿಜವಾದ ಸಮಾಧಿಗಳು ಆ ಕಟ್ಟೆಯ ಕೆಳಗಿನ ನೆಲಮಾಳಿಗೆಯಲ್ಲಿವೆ. ನನ್ನ ಹುಡುಗರಲ್ಲಿ ಅರ್ಧದಷ್ಟು ಜನ ಇದೇ ಊರಲ್ಲಿ ಹುಟ್ಟಿ ಬೆಳೆದವರು, ಅವರಿಗೆ ಇದು ಗೊತ್ತಿರಲಿಲ್ಲ. ನೂರು ವರ್ಷದ ಹಿಂದೆ ಪುರಾತತ್ವ ಇಲಾಖೆಯ ಹೆನ್ರಿ ಕಸೆನ್ಸ್ ಈ ಊರನ್ನು ಅಳೆದು 1916ರಲ್ಲಿ ಪ್ರಕಟಿಸಿದ ವರದಿಯಲ್ಲಿ ನೆಲನಕ್ಷೆಗಳ ಜೊತೆಗೆ ಸೆಕ್ಷನ್ನುಗಳೂ ಇವೆ. ಗೋರಿಗಳಿಗೆ ಸಿಕ್ಕ ಆ ಗೌರವ ಬದುಕಿರುವವರ ಓಣಿಗಳಿಗೆ ಸಿಗಬಾರದೇ?

ಇದೆಲ್ಲ ನಿವೃತ್ತ ಮಾಸ್ತರನ ಹುಚ್ಚು ಎಂದು ನೀವು ಪಕ್ಕಕ್ಕಿಡಬಾರದೆಂದು ಹೇಳುತ್ತೇನೆ: ಸ್ಕಾಟ್ಲೆಂಡಿನ ಪ್ಯಾಟ್ರಿಕ್ ಗೆಡ್ಡೆಸ್ ಜೀವಶಾಸ್ತ್ರ ಓದಿ ನಗರಯೋಜನೆಗೆ ಬಂದವರು. 1914ರಲ್ಲಿ ಅವರ ನಗರ ಪ್ರದರ್ಶನದ ಚಿತ್ರಗಳನ್ನು ಹೊತ್ತು ಭಾರತಕ್ಕೆ ಬರುತ್ತಿದ್ದ ಹಡಗನ್ನು ಜರ್ಮನಿಯ ಯುದ್ಧನೌಕೆ ಎಮ್ಡೆನ್ ಮುಳುಗಿಸಿತು. ಮನುಷ್ಯ ಧೃತಿಗೆಡದೆ ಮತ್ತೆ ಚಿತ್ರಗಳನ್ನು ಕೂಡಿಸಿದರು. ಮುಂದೆ ಮುಂಬಯಿ ವಿಶ್ವವಿದ್ಯಾಲಯದಲ್ಲಿ ಸಮಾಜಶಾಸ್ತ್ರದ ಪ್ರಾಧ್ಯಾಪಕರೂ ಆದರು. ನಮ್ಮ ಜಿಲ್ಲೆ ಆಗ ಮುಂಬಯಿ ಪ್ರಾಂತ್ಯದಲ್ಲಿತ್ತು. ಅವರ ಅತಿ ಪ್ರಸಿದ್ಧ ಚಿತ್ರ ಯಾವುದು ಗೊತ್ತೇ? ಒಂದು ಸೆಕ್ಷನ್. ಬೆಟ್ಟದ ತುದಿಯಿಂದ ಸಮುದ್ರದವರೆಗೆ ನೆಲವನ್ನು ಕೊಯ್ದು, ಯಾವ ಎತ್ತರದಲ್ಲಿ ಯಾವ ಕಸುಬಿನವನು ಬದುಕುತ್ತಾನೆ ಎಂದು ತೋರಿಸಿದ ಚಿತ್ರ: ಗಣಿಯವನು, ಮರ ಕಡಿಯುವವನು, ಬೇಟೆಗಾರ, ಕುರುಬ, ರೈತ, ಮೀನುಗಾರ. ವೈದ್ಯ ನಾಡಿ ನೋಡದೆ ಔಷಧಿ ಬರೆಯುವುದಿಲ್ಲ, ಹಾಗೆಯೇ ಊರನ್ನು ಕಾಲ್ನಡಿಗೆಯಲ್ಲಿ ನೋಡದೆ ಯೋಜನೆ ಬರೆಯಬಾರದು ಎಂಬುದು ಅವರ ಪಟ್ಟು.

ನೋಡುವುದನ್ನು ಕಲಿಯಬೇಕಾಗುತ್ತದೆ. ಅದು ತಾನಾಗಿ ಬರುವುದಿಲ್ಲ. ಮೊದಲ ಭಾನುವಾರ ನಾನು ಹುಡುಗರಿಗೆ ಗಾಂಧಿ ಚೌಕದಿಂದ ತಮ್ಮ ಮನೆಯವರೆಗಿನ ದಾರಿಯನ್ನು ನೆನಪಿನಿಂದ ಬರೆಯಲು ಹೇಳುತ್ತೇನೆ. ಈ ಉಪಾಯ ನನ್ನದಲ್ಲ, ಅಮೆರಿಕದ ಕೆವಿನ್ ಲಿಂಚ್ ಅವರದು. 1960ರಲ್ಲಿ ಪ್ರಕಟವಾದ ಅವರ ಅಧ್ಯಯನಕ್ಕಾಗಿ ಬಾಸ್ಟನ್, ಜೆರ್ಸಿ ಸಿಟಿ, ಲಾಸ್ ಏಂಜಲೀಸ್‌ನ ಜನರಿಂದ ಹೀಗೆ ಬರೆಸಿದ್ದರು. ಬೈಕಿನಲ್ಲೇ ಓಡಾಡುವ ಹುಡುಗನ ಹಾಳೆಯಲ್ಲಿ ಪೆಟ್ರೋಲ್ ಬಂಕು, ರಸ್ತೆಯುಬ್ಬು ಮತ್ತು ಪೊಲೀಸರು ನಿಲ್ಲುವ ಮೂಲೆ. ನಡೆದು ಹೋಗುವ ಹುಡುಗಿಯ ಹಾಳೆಯಲ್ಲಿ ಬೀದಿದೀಪ ಇಲ್ಲದ ತಿರುವು, ಎರಡು ನಾಯಿ, ಒಂದು ನಲ್ಲಿ, ‘ಇಲ್ಲಿ ಗಟಾರದ ಕಲ್ಲು ಅಲುಗಾಡುತ್ತದೆ’ ಎಂಬ ಟಿಪ್ಪಣಿ. ಒಬ್ಬರ ಹಾಳೆಯಲ್ಲೂ ಗೋಳಗುಮ್ಮಟ ಇರಲಿಲ್ಲ! ನಮ್ಮ ಶಾಲೆಗಳ ಚಿತ್ರಕಲೆಯ ತರಗತಿಗಳನ್ನು ನೆನೆದರೆ ಇದು ದೊಡ್ಡ ಪ್ರಗತಿ. ಅಲ್ಲಿ ಇವತ್ತಿಗೂ ಎರಡು ಗುಡ್ಡ, ನಡುವೆ ಸೂರ್ಯ, ಒಂದು ಹೊಳೆ, ಹೊಳೆಯ ದಂಡೆಗೆ ಬಾಗಿದ ತೆಂಗಿನಮರ. ವಿಜಯಪುರದ ಯಾವ ಮೂಲೆಯಲ್ಲಿ ನಿಂತರೆ ಅದು ಕಾಣುತ್ತದೆಯೋ ನಾನರಿಯೆ.

ಇಳಿಜಾರನ್ನು ಅಳೆಯಲು ನನಗೆ ಸಿಕ್ಕ ಅತ್ಯುತ್ತಮ ಉಪಕರಣ ಒಂದು ಟಾಂಗಾದ ಕುದುರೆ. ನಾನು ಗಾಡಿಯವರನ್ನು ಸುಮ್ಮನೆ ಕೇಳಿದ್ದೆ: ಸ್ಟೇಷನ್ನಿನ ಕಡೆಯಿಂದ ಬರುವಾಗ ಎಲ್ಲಿ ಏರು ಸಿಗುತ್ತದೆ? ‘ನಾನು ಹೇಳುವುದೇಕೆ, ಹತ್ತಿ ಕೂತುಕೊಳ್ಳಿ, ಕುದುರೆ ಹೇಳುತ್ತದೆ’ ಎಂದರು. ಕಾರಿನಲ್ಲಿ ಹೋದರೆ ಸಪಾಟು ಎನಿಸುವ ರಸ್ತೆಯಲ್ಲಿ ಎರಡು ಕಡೆ ಅದರ ಗೊರಸಿನ ಸದ್ದು ನಿಧಾನವಾಯಿತು, ಕುತ್ತಿಗೆ ಮುಂದಕ್ಕೆ ಬಾಗಿತು. ಮಾರನೆಯ ಭಾನುವಾರ ಅಲ್ಲಿ ಪೈಪು ಹಿಡಿದು ನೋಡಿದೆವು. ಕುದುರೆಯ ಮಾತು ಸರಿಯಿತ್ತು.

ನೆರಳಿನ ವಿಷಯವನ್ನು ಬೇಗ ಹೇಳಿ ಮುಗಿಸುತ್ತೇನೆ. ನಮ್ಮ ಊರಿನ ಅಕ್ಷಾಂಶಕ್ಕೆ ಮೇ ತಿಂಗಳ ಮೊದಲ ವಾರ ಮುಗಿಯುವ ಹೊತ್ತಿಗೆ ನಡುಹಗಲ ಸೂರ್ಯ ಸರಿಯಾಗಿ ನೆತ್ತಿಯ ಮೇಲೆ ಬರುತ್ತಾನೆ. ಆ ಹೊತ್ತಿಗೆ ದೀಪದ ಕಂಬಕ್ಕೂ ನೆರಳಿಲ್ಲ. ನೆರಳು ಇರುವುದು ಚಜ್ಜಾದ ಕೆಳಗೆ, ಮರದ ಕೆಳಗೆ, ಕಮಾನಿನ ಕೆಳಗೆ ಮಾತ್ರ. ಒಬ್ಬ ಬಾಳೆಹಣ್ಣಿನ ಗಾಡಿಯವರು ದಿನಕ್ಕೆ ನಾಲ್ಕು ಸಲ ಗಾಡಿ ಸರಿಸುವುದನ್ನು ನನ್ನ ಹುಡುಗಿಯರು ಗಂಟೆ ಬರೆದಿಟ್ಟುಕೊಂಡು ಗುರುತಿಸಿದರು. ಅವರಿಗೆ ‘ಅತಿಕ್ರಮಣ’ ಎಂದು ನೋಟಿಸು ಕೊಡುವವರು ಬೀದಿಯ ಅಗಲವನ್ನು ಅಳೆಯುತ್ತಾರೆ. ಗೋಡೆ ಎಷ್ಟು ಎತ್ತರ, ಅದರ ನೆರಳು ಎಷ್ಟು ಹೊತ್ತಿಗೆ ಎಲ್ಲಿಯವರೆಗೆ ಚಾಚುತ್ತದೆ ಎಂದು ಅಳೆದವರು ಆ ಗಾಡಿಯವರೊಬ್ಬರೇ.

ಈಗ ನಿಮ್ಮ ಕಚೇರಿಯಲ್ಲಿ ಯಾರಾದರೂ ಹೇಳಬಹುದು, ಡ್ರೋನ್ ಬಂದಿದೆ, ಅದು ಎತ್ತರವನ್ನೂ ಅಳೆಯುತ್ತದೆ ಎಂದು. ಅಳೆಯುತ್ತದೆ, ಒಪ್ಪುತ್ತೇನೆ. ನಾನು ಅದರ ವಿರೋಧಿಯಲ್ಲ. ಛಾವಣಿಯ ಎತ್ತರ, ರಸ್ತೆಯ ಎತ್ತರ ಎಲ್ಲವನ್ನೂ ಅದು ತಂದುಕೊಡಲಿ. ಆದರೆ ಚಜ್ಜಾದ ಕೆಳಗೆ ಬಾಗಿ ಆಯಿಯ ಹೊಸ್ತಿಲನ್ನು ನೋಡಲು ಅದಕ್ಕೆ ಬರುವುದಿಲ್ಲ, ಗಟಾರದ ಕಲ್ಲು ಎತ್ತಿ ತಳ ಯಾವ ಕಡೆಗೆ ವಾಲಿದೆ ಎಂದು ನೋಡಲೂ ಬರುವುದಿಲ್ಲ. ನಾವು ಅಳೆದ ಮೂರು ಗಟಾರಗಳಲ್ಲಿ ಒಂದರ ತಳ ನೀರು ಹೋಗಬೇಕಾದ ಕಡೆಗೇ ಎತ್ತರವಾಗಿತ್ತು. ಅದನ್ನು ಕಟ್ಟಿದವರ ಹಾಳೆಯಲ್ಲಿ ಬಾಣದ ಗುರುತು ಮಾತ್ರ ಸರಿಯಾದ ದಿಕ್ಕಿಗೇ ಇದ್ದಿರಬೇಕು.

ನಾನು ಕೇಳುವ ಹಾಳೆ ಹೀಗಿರಲಿ. ವಾರ್ಡಿನ ಅತಿ ಎತ್ತರದ ಜಾಗದಿಂದ ಅತಿ ತಗ್ಗಿನ ಜಾಗಕ್ಕೆ ಒಂದು ಗೆರೆ ಎಳೆದು, ಆ ಗೆರೆಯುದ್ದಕ್ಕೂ ಕೊಯ್ದು ಬರೆಯುವುದು. ರಸ್ತೆಯ ಮಟ್ಟ, ಎರಡೂ ಬದಿಯ ಹೊಸ್ತಿಲಿನ ಮಟ್ಟ, ಗಟಾರದ ತಳ, ನೀರಿನ ಪೈಪು, ಒಳಚರಂಡಿ, ಬಾವಡಿ ಇದ್ದರೆ ಅದರ ಆಳ ಮತ್ತು ನೀರು ನಿಂತ ಮಟ್ಟ, ಗಂಜ್ ಇದ್ದರೆ ಗಂಜ್, ಕಂದಕ ಇದ್ದರೆ ಅದರ ತಳ. ಕೆಳಗೆ ಎರೆಮಣ್ಣು ಎಷ್ಟು, ಗರಸು ಎಷ್ಟು, ಕಲ್ಲು ಎಲ್ಲಿ ಸಿಗುತ್ತದೆ ಎಂಬುದನ್ನು ಬೋರ್‌ವೆಲ್ ಕೊರೆಸಿದ ಯಾವ ಮನೆಯವರಾದರೂ ಹೇಳುತ್ತಾರೆ. ಎಷ್ಟು ಅಡಿಗೆ ಎಷ್ಟು ದುಡ್ಡು ಕೊಟ್ಟೆವೆಂದು ಅವರಿಗೆ ಮರೆತಿರುವುದಿಲ್ಲ. ಹಾಳೆಯನ್ನು ವಾರ್ಡಿನ ಕಚೇರಿಯ ಗೋಡೆಗೆ ಅಂಟಿಸಿ. ರಸ್ತೆ ಕಾಮಗಾರಿಯ ಕಡತದ ಜೊತೆಗೂ ಒಂದು ಪ್ರತಿ ಇರಲಿ. ಮಾಸ್ಟರ್ ಪ್ಲಾನಿಗೆ ಆಕ್ಷೇಪಣೆ ಕರೆದಾಗ ನಮ್ಮಂಥವರು ಬರುವುದು ಕಡಿಮೆ, ಏಕೆಂದರೆ ಆ ಬಣ್ಣಬಣ್ಣದ ಹಾಳೆಯಲ್ಲಿ ನಮ್ಮ ಮನೆ ಸಿಗುವುದಿಲ್ಲ. ಸೆಕ್ಷನ್ನಿನಲ್ಲಿ ಆಯಿ ತನ್ನ ಹೊಸ್ತಿಲನ್ನು ಬೆರಳಿಟ್ಟು ತೋರಿಸಿದರು. ಅವರು ಶಾಲೆಗೆ ಹೋದವರಲ್ಲ.

ಖರ್ಚಿನ ಮಾತು ಬಂದರೆ, ಅಳೆಯುವವರು ಊರಲ್ಲೇ ಇದ್ದಾರೆ. ಡಿಪ್ಲೊಮಾ ಕಾಲೇಜುಗಳಿವೆ, ಎಂಜಿನಿಯರಿಂಗ್ ಕಾಲೇಜುಗಳಿವೆ, ಐಟಿಐಗಳಿವೆ. ಆ ಮಕ್ಕಳು ಪ್ರತಿ ವರ್ಷ ಸರ್ವೇ ಪ್ರಾಯೋಗಿಕಕ್ಕೆಂದು ಕಾಲೇಜಿನ ಆಟದ ಮೈದಾನವನ್ನೇ ಅಳೆಯುತ್ತಾರೆ. ನಾನೂ ಅಳೆಸಿದ್ದೇನೆ, ಆ ಪಾಪ ನನ್ನ ಮೇಲೂ ಇದೆ. ಅಳತೆ ಮಾಡಿಸಿಕೊಂಡು ಮಾಡಿಸಿಕೊಂಡು ಆ ಮೈದಾನಕ್ಕೇ ಬೇಸರ ಬಂದಿರಬೇಕು. ಅವರನ್ನು ಓಣಿಗೆ ಕಳಿಸಿ. ನೀವು ಕೊಡಬೇಕಾದದ್ದು ಒಂದು ಗುರುತಿನ ಚೀಟಿ ಮತ್ತು ಒಂದು ಪತ್ರ. ಟೇಪು ಹಿಡಿದವರನ್ನು ಕಂಡರೆ ಮನೆ ಒಡೆಯಲು ಬಂದರೆಂದು ಜನ ಗಾಬರಿಯಾಗುತ್ತಾರೆ. ನಮಗೆ ಎರಡು ಸಲ ಹಾಗಾಗಿದೆ. ಒಂದು ಮನೆಯವರು ಚಹಾ ಕೊಟ್ಟ ಮೇಲೆ ಅನುಮಾನ ಪಟ್ಟರು, ಇನ್ನೊಂದು ಮನೆಯವರು ಅನುಮಾನ ಪಟ್ಟ ಮೇಲೆ ಚಹಾ ಕೊಟ್ಟರು.

ಆಯಿಯ ಓಣಿಯ ಸೆಕ್ಷನ್ ನಮ್ಮಲ್ಲಿ ಸಿದ್ಧವಿದೆ, ಒಂದಕ್ಕೆ ಐವತ್ತರ ಅಳತೆಯಲ್ಲಿ. ಕಮಲದ ಹೂವನ್ನು ಹುಡುಗಿಯೊಬ್ಬಳು ಎಸಳೆಸಳಾಗಿ ಬರೆದಿದ್ದಾಳೆ, ಮುಚ್ಚಿದ ಎಸಳುಗಳನ್ನು ಚುಕ್ಕೆಗೆರೆಯಲ್ಲಿ. ನೀವು ಕೇಳಿದರೆ ಪ್ರತಿ ಕಳಿಸುತ್ತೇನೆ. ಭಾನುವಾರ ಬೆಳಿಗ್ಗೆ ಆರೂವರೆಗೆ ನಾವು ಬಾರಾ ಕಮಾನಿನ ಎದುರು ಸೇರುತ್ತೇವೆ. ಮೊಬೈಲ್ ಅಂಗಡಿಯ ಹುಡುಗ ಹಬ್ಬದ ವ್ಯಾಪಾರವೆಂದು ಎರಡು ವಾರ ಬರುವುದಿಲ್ಲ, ಪೈಪಿನ ಇನ್ನೊಂದು ತುದಿ ಹಿಡಿಯಲು ಒಬ್ಬರು ಬೇಕಾಗಿದ್ದಾರೆ. ನಿಮ್ಮಲ್ಲಿ ಯಾರಾದರೂ ಬರಬಹುದು.

ಇಂತಿ ನಿಮ್ಮ ವಿಶ್ವಾಸಿ,
ಒಬ್ಬ ನಿವೃತ್ತ ಡ್ರಾಫ್ಟ್ಸ್‌ಮನ್ ಮಾಸ್ತರ,
ವಿಜಯಪುರ